ಬೀರಿದ ಎಳ್ಳು

ಮಕರ ಸಂಕ್ರಾಂತಿಗೆ ಇನ್ನೂ 15 ದಿವಸಗಳಿರುವಾಗಲೇ ನಮ್ಮ ಮನೆಯ ನಡುಮನೆಯಲ್ಲಿ ಹಳೆಯ ಪಂಚೆಯೊಂದನ್ನು ಹಾಸಿ, ಅದರ ಒಂದು ಅಂಚಿನಲ್ಲಿ ನನ್ನ ತಾಯಿಯವರು ಅಡಕತ್ತರಿಯನ್ನು ಹಿಡಿದು, ಇನ್ನೊಂದು ಅಂಚಿನಲ್ಲಿ ನನ್ನ ಹೆಂಡತಿ ಈಳಿಗೆಮಣೆಯನ್ನು ಮುಂದಿಟ್ಟುಕೊಂಡು, ಕರಿಯ ಸಿಪ್ಪೆಯನ್ನು ಹೆರೆದ ಕೊಬ್ಬರಿಯನ್ನೂ ಅಚ್ಚುಬೆಲ್ಲವನ್ನೂ ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಲು ಕುಳಿತುಬಿಡುತ್ತಾರೆ. ಕತ್ತರಿಸಿದುದನ್ನು ಮೊರಗಳಲ್ಲಿ ಹರಡಿ ಮಹಡಿಯ ಬಿಸಿಲಿನಲ್ಲಿ ಒಣಗಿಸಬೇಕು. ಕಡಲೆಕಾಯಿ ಬೀಜವನ್ನು ಹುರಿದು, ಅಂಗೈಯಲ್ಲಿ ಉಜ್ಜಿ, ಸಿಪ್ಪೆಯನ್ನು ಊದಿ, ಬೇಳೆಯಾಗಿ ಒಡೆಯಬೇಕು. ಬಿಳಿಯ ಎಳ್ಳನ್ನು ಚಟಪಟ ಎನ್ನುವ ತನಕ ಮಾತ್ರ, ಅದಕ್ಕಿಂತ ಒಂದು ಕ್ಷಣವೂ ಹೆಚ್ಚಾಗದಂತೆ ಹುರಿಯಬೇಕು. ಹುರಿಗಡಲೆಯಲ್ಲಿ ಕಲ್ಲನ್ನು ಆರಿಸಬೇಕು. ಇವುಗಳಲ್ಲಿ ಸಿಪ್ಪೆಯನ್ನು ಊದುವ ಕೆಲಸ 7 ವರ್ಷದ ನನ್ನ ಮಗಳದು. ಮಹಡಿಯ ಮೇಲೆ ಕಾಗೆ ಕಾಯುವ ಕೆಲಸ 4 ವರ್ಷದ ಮಗನದು. ಕಾಗೆಗಳು ಒಯ್ಯುವುದಕ್ಕಿಂತ ಕಾವಲುಗಾರನು ತಿನ್ನುವುದೇ ಹೆಚ್ಚೆಂಬುದು ಮನೆಯವರೆಲ್ಲರಿಗೂ ತಿಳಿದ ವಿಷಯವಾದರೂ ಅವನನ್ನು ಆ ಉದ್ಯೋಗದಿಂದ ಬಿಡಿಸುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.

ಸಕ್ಕರೆ ಅಚ್ಚಿನ ದಿನವಂತೂ ನಮ್ಮ ಅಡಿಗೆಮನೆಯು ಯಜ್ಞಶಾಲೆಯ ಬಿಗಿಯನ್ನು ತಾಳುತ್ತದೆ. ಹಿಂದಿನ ರಾತ್ರಿಯೇ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಸಕ್ಕರೆಯ ಪಾಕಕ್ಕೆ ಒಂದಿಷ್ಟು ಹಾಲನ್ನು ಬಿಟ್ಟು, ಮೇಲಕ್ಕೆದ್ದ ಕೊಳೆಯನ್ನು ಬಟ್ಟೆಯಲ್ಲಿ ಸೋಸಿ ಕಳೆದು, ತಿಳಿಯಾದ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಚಿಕ್ಕ ಪಾತ್ರೆಯಲ್ಲಿ ಮತ್ತೆ ಕಾಯಿಸಿ, ಅದು ಬೆಳ್ಳಗೆ ಹರಳುಗಟ್ಟಲು ಹವಣಿಸುವ ಗಳಿಗೆಯನ್ನು ಕಂಡುಹಿಡಿದು ಅಚ್ಚಿಗೆ ಹೊಯ್ಯಬೇಕು. ಆ ಗಳಿಗೆಗೆ ಮೊದಲು ಹೊಯ್ದರೆ ಗೊಂಬೆ ಕಟ್ಟದು, ತರುವಾಯವಾದರೆ ಪಾಕವು ಪಾತ್ರೆಯಲ್ಲಿಯೇ ಕಲ್ಲಾಗುವುದು. ಕಳೆದ ವರ್ಷ ಗಿಣಿಯ ಅಚ್ಚನ್ನು ಬಿಚ್ಚುವ ಅಧಿಕಾರವನ್ನು ಮಗಳು ಮೊದಲ ಬಾರಿಗೆ ಪಡೆದಳು. ಅವಸರದಲ್ಲಿ ಬಿಚ್ಚಿದುದರಿಂದ ಗಿಣಿಯ ಕೊಕ್ಕು ಅಚ್ಚಿನಲ್ಲಿಯೇ ಉಳಿಯಿತು. ಅದನ್ನು ಕರಗಿಸಿ ಮತ್ತೊಮ್ಮೆ ಎರೆಯೋಣವೆಂದು ಅವಳ ತಾಯಿ ಹೇಳಿದರೂ ಕೇಳದೆ, ಹುಡುಗಿ ಆ ಗಿಣಿಯನ್ನು ಎದುರುಮನೆಗೆ ಕಳುಹಿಸುವ ಪೊಟ್ಟಣದೊಳಗೆ ತಾನೇ ಇಟ್ಟಳು.

ಇಲ್ಲಿಯವರೆಗೆ ಹೇಳಿದುದೆಲ್ಲ ಹೆಂಗಸರ ಮತ್ತು ಮಕ್ಕಳ ಪಾಲಿನ ಕೆಲಸ. ನನ್ನ ಪಾಲಿಗೆ ಬಂದುದು ಮಿಶ್ರಣ. ನನ್ನ ಬುದ್ಧಿಯ ಪರೀಕ್ಷೆ ನಡೆದುದೂ ಅಲ್ಲಿಯೇ. ಕಳೆದ ಸಲ ಅಂಗಡಿಯಿಂದ ಬಂದ ಕೊಬ್ಬರಿ ಗಿಟುಕುಗಳಲ್ಲಿ ನಾಲ್ಕಾರು ಒಳಗೆ ಕಮಟಾಗಿದ್ದುವು. ಅವನ್ನು ಎಸೆಯಲು ಮನಸ್ಸು ಬಾರದೆ, ಒಳ್ಳೆಯ ಕೊಬ್ಬರಿಯನ್ನು ಮನೆಯ ಡಬ್ಬಿಗೆ ಸೇರಿಸಿ, ಕಮಟನ್ನು ಬೆಲ್ಲದ ನಡುವೆ ತಿಳಿಯದಂತೆ ಬೆರೆಸಿ ಬೀರುವ ಡಬ್ಬಿಗೆ ಹಾಕಿದೆನು. ನನ್ನನ್ನೇ ನೋಡುತ್ತ ಕುಳಿತಿದ್ದ ಮಗಳು, “ಎರಡು ಡಬ್ಬಿ ಯಾಕಣ್ಣ?” ಎಂದಳು. ಎಳ್ಳು ಹೆಚ್ಚಾಗಿದೆಯೆಂದು ನಾನು ಹೇಳಿದ ಉತ್ತರವನ್ನು ಅವಳು ನಂಬಲಿಲ್ಲವೆಂಬುದು ಮುಖದಿಂದಲೇ ತಿಳಿಯಿತು.

ಕಠೋಪನಿಷತ್ತಿನ ಆರಂಭದಲ್ಲಿ ಬರುವ ಪ್ರಸಂಗವನ್ನು ನಾನು ಎಷ್ಟೋ ಸಲ ಓದಿದ್ದೇನೆ, ಸಭೆಗಳಲ್ಲಿ ಒಂದೆರಡು ಸಲ ಉಪನ್ಯಾಸವನ್ನೂ ಮಾಡಿದ್ದೇನೆ. ಸರ್ವಸ್ವವನ್ನೂ ದಾನ ಮಾಡುವ ಯಾಗದಲ್ಲಿ ತೊಡಗಿದ ತಂದೆಯು, ಇನ್ನು ನೀರು ಕುಡಿಯಲಾರದ, ಹುಲ್ಲು ಮೇಯಲಾರದ, ಹಾಲು ಬತ್ತಿಹೋದ ಮುದಿಗೋವುಗಳನ್ನು ದಕ್ಷಿಣೆಯಾಗಿ ಕೊಡುತ್ತಿರುವುದನ್ನು ಬಾಲಕನಾದ ನಚಿಕೇತನು ನೋಡುತ್ತಾನೆ. ನೋಡಿ, ನನ್ನನ್ನು ಯಾರಿಗೆ ಕೊಡುವೆಯೆಂದು ಮೂರು ಬಾರಿ ಕೇಳುತ್ತಾನೆ. ತಂದೆ ಸಿಟ್ಟಾಗಿ ಮೃತ್ಯುವಿಗೆಂದು ಹೇಳಿಬಿಡುತ್ತಾನೆ. ಉಪನ್ಯಾಸಗಳಲ್ಲಿ ನಾವೆಲ್ಲ ಇಲ್ಲಿಂದ ಅವಸರವಾಗಿ ಯಮನ ಮನೆಗೆ ಹೋಗಿ, ಆತ್ಮವಿದ್ಯೆಯನ್ನು ಹಿಡಿದುಕೊಳ್ಳುತ್ತೇವೆ. ಆದರೆ ಆ ಗೋವುಗಳನ್ನು ಕಂಡಾಗ ಹುಡುಗನೊಳಗೆ ಪ್ರವೇಶಿಸಿದುದು ಸಂಶಯವೆಂದಾಗಲಿ ಕೋಪವೆಂದಾಗಲಿ ಉಪನಿಷತ್ತು ಹೇಳುವುದಿಲ್ಲ, ಶ್ರದ್ಧೆಯೆಂದು ಹೇಳುತ್ತದೆ. ತಂದೆಯ ಲೋಪವನ್ನು ಮಗು ಎತ್ತಿ ತೋರಿಸುವುದು ಅವನಲ್ಲಿ ಶ್ರದ್ಧೆ ಇಲ್ಲದಿರುವುದರಿಂದಲ್ಲ, ತಂದೆಯು ಮಾಡುತ್ತಿರುವ ಕರ್ಮವನ್ನು ತಂದೆಗಿಂತ ಹೆಚ್ಚು ನಿಜವೆಂದು ಅದು ನಂಬಿರುವುದರಿಂದ ಎಂಬ ಈ ಸೂಕ್ಷ್ಮವು, ಕಮಟು ಕೊಬ್ಬರಿಯ ಡಬ್ಬಿಯ ಮುಂದೆ ಕುಳಿತ ಹೊತ್ತಿನಲ್ಲಿ ನನಗೆ ಹೊಳೆದಂತೆ ಯಾವ ಸಭೆಯಲ್ಲಿಯೂ ಹೊಳೆದಿರಲಿಲ್ಲ. ಹೊಳೆದರೂ ಡಬ್ಬಿಯನ್ನು ನಾನು ಬದಲಾಯಿಸಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಹಬ್ಬದ ಸಂಜೆ ಹೊಸ ಲಂಗವನ್ನುಟ್ಟು, ತಟ್ಟೆಯಲ್ಲಿ ಎಳ್ಳು, ಕಬ್ಬಿನ ಜಲ್ಲೆ, ಬಾಳೆಯಹಣ್ಣು, ಅಚ್ಚುಗಳನ್ನು ಜೋಡಿಸಿಕೊಂಡು ಹೊಸ್ತಿಲಿನವರೆಗೆ ಹೋದ ಹುಡುಗಿ ಅಲ್ಲಿಯೇ ನಿಂತು ಇನ್ನೊಂದು ಪ್ರಶ್ನೆಯನ್ನು ಕೇಳಿದಳು: “ಅವರ ಮನೇಲೂ ಇದೇ ಇರುತ್ತಲ್ಲಣ್ಣ. ನಮ್ಮದು ನಾವು ತಿಂದು, ಅವರದು ಅವರು ತಿಂದರೆ ಆಗಲ್ವಾ?”

ಈ ಪ್ರಶ್ನೆ ಮೊದಲನೆಯದಕ್ಕಿಂತ ಕಠಿನವಾದುದು. ದಾನವೆಂದರೇನೆಂಬುದನ್ನು ನಮ್ಮ ಶಾಸ್ತ್ರಕಾರರು ಬಹು ಎಚ್ಚರಿಕೆಯಿಂದ ನಿರೂಪಿಸಿದ್ದಾರೆ: ವಸ್ತುವಿನಲ್ಲಿ ತನಗಿರುವ ಸ್ವಾಮ್ಯವನ್ನು ಬಿಟ್ಟುಕೊಟ್ಟು, ಅದರಲ್ಲಿ ಇನ್ನೊಬ್ಬನ ಸ್ವಾಮ್ಯವನ್ನು ಉಂಟುಮಾಡುವುದು ದಾನ. ಭಗವದ್ಗೀತೆಯ 17ನೆಯ ಅಧ್ಯಾಯವು ಮುಂದೆ ಹೋಗಿ, ಪ್ರತ್ಯುಪಕಾರ ಮಾಡದವನಿಗೆ ಕೊಟ್ಟುದು ಸಾತ್ವಿಕವೆಂದೂ ಪ್ರತ್ಯುಪಕಾರವನ್ನು ಬಯಸಿ ಕೊಟ್ಟುದು ರಾಜಸವೆಂದೂ ವಿಂಗಡಿಸುತ್ತದೆ. ಈ ತಕ್ಕಡಿಯಲ್ಲಿ ತೂಗಿದರೆ ನಮ್ಮ ಎಳ್ಳು ಬೀರುವಿಕೆಗೆ ಬಹಳ ಕೀಳಾದ ಸ್ಥಾನವೇ ದೊರಕಬೇಕು. ಏಕೆಂದರೆ ಕೊಟ್ಟ ತಟ್ಟೆ ಬರಿದಾಗಿ ಹಿಂದಿರುಗುವುದೇ ಇಲ್ಲ, ಒಂದು ಪೊಟ್ಟಣ ಹೋದರೆ ಅಂಥದೇ ಒಂದು ಪೊಟ್ಟಣ ಬಂದೇ ಬರುತ್ತದೆ, ಯಾವ ಮನೆಯಿಂದ ಬರಲಿಲ್ಲವೆಂಬುದನ್ನು ನಮ್ಮ ತಾಯಿಯವರು ಮುಂದಿನ ರಥಸಪ್ತಮಿಯ ತನಕ ನೆನಪಿನಲ್ಲಿಟ್ಟುಕೊಂಡಿರುತ್ತಾರೆ. ಇದು ದಾನವೂ ಅಲ್ಲ, ಲಾಭವಿಲ್ಲದುದರಿಂದ ವ್ಯಾಪಾರವೂ ಅಲ್ಲ, ಹಾಗಾದರೆ ಇದೇನು?

ಇದು ದಾನವಲ್ಲವೆಂಬುದಕ್ಕೆ ಎಳ್ಳೇ ಸಾಕ್ಷಿ. ಎಳ್ಳು ಪಿತೃಗಳ ಧಾನ್ಯ. ತರ್ಪಣಕ್ಕೆ ಅದು ಬೇಕು. ಶನಿಯ ಪೀಡೆ ಕಳೆಯಲೆಂದು ಅದನ್ನು ದಾನ ಕೊಡುವವರುಂಟು, ಆದರೆ ಆ ದಾನಕ್ಕೆ ಸಂತೋಷದಿಂದ ಕೈಯೊಡ್ಡುವವರನ್ನು ನಾನು ಕಂಡಿಲ್ಲ. ಒಂದರ ಮೇಲಿನ ಆಸೆಯನ್ನು ಪೂರ್ತಿಯಾಗಿ ಬಿಟ್ಟುದನ್ನು ಎಳ್ಳುನೀರು ಬಿಟ್ಟೆವೆಂದು ಕನ್ನಡದಲ್ಲಿ ಹೇಳುತ್ತೇವೆ. ಇಂಥ ಎಳ್ಳು ಬೆಲ್ಲದೊಡನೆ ಕೂಡಿ ಪುಟ್ಟ ಹುಡುಗಿಯ ಕೈಯಲ್ಲಿ ಬಂದರೆ ಅದೇ ಜನ ಬಾಗಿಲನ್ನು ತೆರೆದು, ಕುಂಕುಮವಿಟ್ಟು, ನಗುತ್ತ ತೆಗೆದುಕೊಳ್ಳುತ್ತಾರೆ. ದಾನವೆಂದು ಒಂದು ಕ್ಷಣ ಭಾವಿಸಿದ್ದರೂ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ನಾನು ತಪ್ಪಾದ ಅಧ್ಯಾಯವನ್ನು ತೆರೆದಿದ್ದೆನೆಂದು ಈಗ ನನಗೆ ತೋರುತ್ತದೆ. 17ನೆಯದನ್ನು ಬಿಟ್ಟು 3ನೆಯದಕ್ಕೆ ಬಂದರೆ, ಪ್ರಜಾಪತಿಯು ಪ್ರಜೆಗಳನ್ನು ಯಜ್ಞದೊಡನೆಯೇ ಸೃಷ್ಟಿಸಿ, ನೀವು ದೇವತೆಗಳನ್ನು ಪೋಷಿಸಿರಿ, ದೇವತೆಗಳು ನಿಮ್ಮನ್ನು ಪೋಷಿಸಲಿ ಎಂದು ಹೇಳಿದ ಮಾತು ಕಾಣುತ್ತದೆ. ಅಲ್ಲಿ ಪ್ರತಿಫಲವು ದೋಷವಲ್ಲ, ಪರಸ್ಪರತೆಯೇ ಧರ್ಮ. ಬಂದುದನ್ನು ಮರಳಿ ಕೊಡದೆ ತಾನೊಬ್ಬನೇ ಉಣ್ಣುವವನನ್ನು ಕಳ್ಳನೆಂದೂ, ತನಗಾಗಿಯೇ ಅಡಿಗೆ ಮಾಡಿಕೊಳ್ಳುವವನು ಉಣ್ಣುವುದು ಪಾಪವನ್ನೆಂದೂ ಗೀತೆಯು ಕಟುವಾಗಿ ಹೇಳುವುದು ಇದೇ ಸಂದರ್ಭದಲ್ಲಿ. ಅನ್ನ, ಮಳೆ, ಯಜ್ಞ, ಕರ್ಮ ಇವೆಲ್ಲ ಒಂದಕ್ಕೊಂದು ಕೂಡಿಕೊಂಡು ತಿರುಗುವುದನ್ನು ಅದು ಚಕ್ರವೆಂದು ಕರೆಯುತ್ತದೆ. ಹಾಗೆ ನೋಡಿದರೆ ಎಳ್ಳು ಬೀರುವುದು ದಾನದ ಸಣ್ಣ ರೂಪವಲ್ಲ, ಯಜ್ಞದ ಸಣ್ಣ ರೂಪ. ಎದುರುಮನೆಯವರಿಗೆ ಎಳ್ಳಿನ ಕೊರತೆಯಿದೆಯೆಂದು ನಾವು ಕೊಡುವುದಲ್ಲ, ನಮ್ಮ ಒಲೆಯ ಮೇಲೆ ಆದುದು ನಮ್ಮ ಬಾಯಿಯಲ್ಲಿಯೇ ಮುಗಿಯಬಾರದೆಂದು ಕೊಡುವುದು. ಸೂರ್ಯನ ಸಂಕ್ರಮಣದ ದಿನವೇ ಇದು ನಡೆಯುವುದೂ ಉಚಿತವಾಗಿಯೇ ಇದೆ. (ಉತ್ತರಾಯಣವು ನಿಜವಾಗಿ ಆರಂಭವಾಗುವುದು ಡಿಸೆಂಬರ್ 22ರ ಸುಮಾರಿಗೆ, ನಾವು ಆಚರಿಸುವುದು ಜನವರಿ 14 ಅಥವಾ 15ಕ್ಕೆ ಎಂದು ತಿಳಿದವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ; ಆದರೆ ಅದರಿಂದ ಬೆಲ್ಲದ ರುಚಿ ಕೆಟ್ಟುದಿಲ್ಲ.)

ಇಷ್ಟನ್ನೆಲ್ಲ ಆ ಪುಟ್ಟ ಮಗುವಿಗೆ ಹೊಸ್ತಿಲಲ್ಲಿ ನಿಂತು ಹೇಳಲಾಗಲಿಲ್ಲ. ಹೇಳುವಷ್ಟು ಅಂದು ನನಗೆ ತಿಳಿದೂ ಇರಲಿಲ್ಲ. “ಹೋಗಿ ಬಾ, ಕತ್ತಲಾಗುತ್ತೆ” ಎಂದೆ.

ಅತ್ತ ಒಳಗೆ ಬೇರೊಂದು ಧರ್ಮಸಂಕಟ ಒದಗಿತ್ತು. ನೈವೇದ್ಯಕ್ಕೆಂದು ಬೆಳ್ಳಿಯ ಬಟ್ಟಲಿನಲ್ಲಿಟ್ಟ ಸಕ್ಕರೆಯ ಆನೆಯ ಸೊಂಡಿಲನ್ನು ನನ್ನ ಮಗನು ಮಂಗಳಾರತಿಗೆ ಮೊದಲೇ ಕಚ್ಚಿ ತಿಂದಿದ್ದನು. ನಾನು ಗದರಿಸಲು ಹೊರಟಾಗ ನನ್ನ ತಾಯಿಯವರು ತಡೆದು, “ಸುಮ್ಮನಿರೋ, ಮಗು ಮುಟ್ಟಿದ್ದು ಎಂಜಲಾಗಲ್ಲ” ಎಂದು ಹೇಳಿ, ಸೊಂಡಿಲಿಲ್ಲದ ಆ ಆನೆಯನ್ನೇ ದೇವರ ಮುಂದಿಟ್ಟರು. ಅವರು ಗೌತಮ ಧರ್ಮಸೂತ್ರವನ್ನು ಓದಿದವರಲ್ಲ. ಉಪನಯನಕ್ಕೆ ಮೊದಲು ಬಾಲಕನಿಗೆ ನಡೆಯಲ್ಲಿಯೂ ನುಡಿಯಲ್ಲಿಯೂ ಆಹಾರದಲ್ಲಿಯೂ ನಿರ್ಬಂಧವಿಲ್ಲವೆಂದು ಆ ಗ್ರಂಥವು ಹೇಳಿರುವುದನ್ನು ನಾನು ಓದಿದ್ದೆನು; ಓದಿಯೂ ಗದರಿಸಲು ಹೊರಟಿದ್ದೆನು.

ಅದೇ ಸಂಜೆ ಅವನಿಗೆ ಕರಿ ಎರೆದೆವು. ಮಣೆಯ ಮೇಲೆ ಕೂರಿಸಿ, ಎಳಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ತಲೆಯ ಮೇಲಿನಿಂದ ಸುರಿಯುತ್ತಿರುವಾಗ ಸುತ್ತಲಿನ ಮಕ್ಕಳು ಮುಗಿಬಿದ್ದು ಆರಿಸಿಕೊಂಡರು. ತನ್ನ ತಲೆಯ ಮೇಲೆ ಬಿದ್ದುದೆಲ್ಲ ತನ್ನದೆಂದು ತಿಳಿದಿದ್ದ ಹುಡುಗನು ದೊಡ್ಡ ದನಿಯಲ್ಲಿ ಅತ್ತನು. ಕೊನೆಗೆ ನೆರೆಮನೆಯ ಬಾಲಕಿಯೊಬ್ಬಳು ತನ್ನ ಮುಷ್ಟಿಯಿಂದ ಒಂದು ಎಳಚಿ ಹಣ್ಣನ್ನು ತೆಗೆದುಕೊಟ್ಟ ಮೇಲೆ ಅಳು ನಿಂತಿತು. ಅವನ ಮೇಲಿನಿಂದಲೇ ಉರುಳಿದ ಹಣ್ಣು ಅವನಿಗೆ ದೊರೆತುದು ಇನ್ನೊಬ್ಬರ ಕೈಯಿಂದ.

ಹಬ್ಬ ಕಳೆದ ಮೂರನೆಯ ದಿನ, ಹಿಂದಿನ ಬೀದಿಯ ಕೊನೆಯ ಮನೆಯಿಂದ, ತಡವಾಯಿತೆಂದು ಕ್ಷಮೆ ಕೇಳುತ್ತ ಒಬ್ಬ ಹುಡುಗಿ ಪೊಟ್ಟಣವೊಂದನ್ನು ತಂದುಕೊಟ್ಟು ಹೋದಳು. ಮಗಳು ಬಿಚ್ಚಿದಳು. ಒಳಗೆ ಕೊಕ್ಕು ಮುರಿದ ಗಿಣಿಯಿತ್ತು.

ನನಗೆ ಬಂದುದು ಸಿಟ್ಟು. ನಾವು ಕೊಟ್ಟುದನ್ನು ಎದುರುಮನೆಯವರು ತಿನ್ನದೆ ಇನ್ನೊಬ್ಬರಿಗೆ ದಾಟಿಸಿ, ಅವರು ಮತ್ತೊಬ್ಬರಿಗೆ ದಾಟಿಸಿ, ನಮ್ಮ ಪದಾರ್ಥವೇ ನಮಗೆ ಬಂದಿತೆಂಬ ಅವಮಾನ ಅದು. ಬಂದ ಪೊಟ್ಟಣಗಳಲ್ಲಿ ನಾಲ್ಕನ್ನು ನಾನೂ ಹಾಗೆಯೇ ಬೇರೆ ಮನೆಗಳಿಗೆ ದಾಟಿಸಿದ್ದುದು ಆ ಕ್ಷಣದಲ್ಲಿ ನೆನಪಾಗಲಿಲ್ಲ. ಆದರೆ ಹುಡುಗಿಗೆ ಆದ ಆನಂದವನ್ನು ಏನೆಂದು ಹೇಳಲಿ! ಗಿಣಿಯನ್ನು ಅಂಗೈಯಲ್ಲಿಟ್ಟುಕೊಂಡು, “ಅಜ್ಜೀ, ನಮ್ಮ ಗಿಣಿ ಎಲ್ಲರ ಮನೆಗೂ ಹೋಗಿಬಂತು!” ಎಂದು ಕೂಗುತ್ತ ಅಡಿಗೆಮನೆಗೆ ಓಡಿದಳು. ಅದು ಯಾವ ಯಾವ ಮನೆಗೆ ಹೋಗಿರಬಹುದು, ಅಲ್ಲಿ ಯಾರು ಯಾರು ಅದನ್ನು ನೋಡಿರಬಹುದು ಎಂದು ರಾತ್ರಿ ಊಟದ ಹೊತ್ತಿನವರೆಗೂ ಅಜ್ಜಿ ಮೊಮ್ಮಗಳು ಲೆಕ್ಕ ಹಾಕಿದರು. ಆ ಪೊಟ್ಟಣದ ಎಳ್ಳನ್ನು ನಾನು ಒಂದು ಹಿಡಿ ಬಾಯಿಗೆ ಹಾಕಿಕೊಂಡೆನು. ಕೊಬ್ಬರಿ ಕಮಟಾಗಿತ್ತು.

ಗಿಣಿಯನ್ನು ದೇವರ ಗೂಡಿನಲ್ಲಿಟ್ಟೆವು. ಯುಗಾದಿಯ ಹೊತ್ತಿಗೆ ಇರುವೆಗಳು ಅದನ್ನು ಮುಗಿಸಿದುವು. ಈ ವರ್ಷದ ಹಬ್ಬಕ್ಕೆ ಇನ್ನು 12 ದಿವಸಗಳಿವೆ. ಕೊಬ್ಬರಿಯನ್ನು ಅಂಗಡಿಯಲ್ಲಿ ನಾನೇ ನಿಂತು, ಒಂದೊಂದು ಗಿಟುಕನ್ನೂ ಒಡೆಸಿ ಮೂಸಿ ನೋಡಿ ತಂದಿದ್ದೇನೆ. ಡಬ್ಬಿ ಒಂದೇ.