ಟಕ್ ಟಕ್ ಶಬ್ದ ಮತ್ತು ನಮ್ಮ ಮೌನ



ನಮ್ಮ ಯುವಜನ ಗುಂಪಿನ ಹಳೆಯ ಡೀಸೆಲ್ ಜೀಪು ನಿಮಗೆಲ್ಲ ಗೊತ್ತು. ರೋಗಿಗಳನ್ನು ಬಳ್ಳಾರಿಗೆ ಕರೆದುಕೊಂಡು ಹೋಗುವುದೂ ಅದೇ, ಕ್ರಿಸ್ಮಸ್ ಗೋದಲಿಗೆ ಹುಲ್ಲು ತರುವುದೂ ಅದೇ. ಕಳೆದ ಬೇಸಿಗೆಯಲ್ಲಿ ಅದರ ಇಂಜಿನ್ನಿನೊಳಗೆ ಟಕ್ ಟಕ್ ಎಂಬ ಶಬ್ದ ಶುರುವಾಯಿತು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಅಷ್ಟಾಗಿ ಕೇಳಿಸದು. ಕಣೇಕಲ್ಲು ಕೆರೆ ದಾಟಿ ಬಿಸಿಯಾದ ಮೇಲೆ ಜೋರು.

ನಾವು ಮೊದಲು ಮಾಡಿದ್ದು ತಪ್ಪು ಹೊರಿಸುವ ಕೆಲಸ. ಹೋದ ತಿಂಗಳು ರಿಪೇರಿ ಮಾಡಿದ ಗ್ಯಾರೇಜಿನವರೇ ಏನೋ ಕೆಡಿಸಿದ್ದಾರೆ ಎಂದು ನಾಲ್ಕು ಜನರ ಮುಂದೆ ಹೇಳಿದೆವು. ನಮ್ಮಲ್ಲಿ ಬಿ.ಎಸ್ಸಿ. ಓದಿದವರೂ ಇದ್ದೇವೆ, ಪರೀಕ್ಷಿಸದೆ ತೀರ್ಮಾನ ಬರೆಯಬಾರದು ಎಂಬ ಪಾಠ ಪ್ರಯೋಗಾಲಯದಲ್ಲೇ ಉಳಿಯಿತೇನೋ.

ಆಮೇಲೆ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆವು. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರು. ಮೇಲ್ಗಡೆ ಶಬ್ದ ಸಣ್ಣದು, ಕೆಳಗಡೆ ಭಾರ. ಹಾಗಾದರೆ ವಾಲ್ವಿನದಲ್ಲ. ನಂತರ ಇಂಜೆಕ್ಟರ್ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಮತ್ತೆ ಬಿಗಿದರು. ಮೂರನೆಯದನ್ನು ಸಡಿಲಿಸಿದಾಗ ಟಕ್ ಟಕ್ ಬಹುತೇಕ ನಿಂತಿತು. ಡೀಸೆಲ್ ಹೋಗದಿದ್ದರೆ ಆ ಸಿಲಿಂಡರಿನಲ್ಲಿ ಉರಿ ಇಲ್ಲ, ಕನೆಕ್ಟಿಂಗ್ ರಾಡಿನ ಮೇಲೆ ಒತ್ತಡವೂ ಕಡಿಮೆ. ಸವೆದ ಬೇರಿಂಗ್ ಅಲ್ಲೇ ಇದೆ ಎಂದರು. ಕೊನೆಗೆ ಆಯಿಲ್ ಕಡ್ಡಿ ಎಳೆದು ನೋಡಿದರು. ತುದಿಯಲ್ಲಿ ಮಾತ್ರ ಒಂದಿಷ್ಟು ಕಪ್ಪು.

"ಏನ್ರಪ್ಪಾ, ಆಯಿಲ್ ಯಾವಾಗ ನೋಡಿದ್ರಿ?"

ಯಾರೂ ಮಾತಾಡಲಿಲ್ಲ. ಆಯಿಲ್ ನೋಡುವುದು ಗ್ಯಾರೇಜಿನವರ ಕೆಲಸವಾಗಿರಲಿಲ್ಲ, ನಮ್ಮದು. ಕೆಂಪು ದೀಪ ಹತ್ತಿದ್ದನ್ನು ಕಂಡೂ ನಮ್ಮಲ್ಲೊಬ್ಬರು ಊರು ಮುಟ್ಟುವವರೆಗೆ ಓಡಿಸಿದ್ದರು. ಅದು ಹೊರಬಿದ್ದದ್ದು ಮನೆಗೆ ಮರಳುವ ದಾರಿಯಲ್ಲಿ.

ರಿಪೇರಿಯ ಖರ್ಚು ನಮ್ಮ ಕೈಲಿದ್ದ ಹಣಕ್ಕಿಂತ ಹೆಚ್ಚು. ಆಗ ಒಂದು ಸಲಹೆ ಬಂತು: ದಪ್ಪ ಆಯಿಲ್ ಹಾಕಿದರೆ ಕೆಲವು ದಿನ ಶಬ್ದ ಅಡಗುತ್ತದೆ, ಬೊಮ್ಮನಹಾಳದ ಕಡೆಯ ರೈತರೊಬ್ಬರು ಕೊಳ್ಳಲು ಸಿದ್ಧರಿದ್ದಾರೆ, ಮಾರಿಬಿಡೋಣ. ಹಣ ನಮ್ಮ ಜೇಬಿಗಲ್ಲವಲ್ಲ, ರೋಗಿಗಳ ಓಡಾಟಕ್ಕೆ. ಅವರು ಕೇಳದಿದ್ದರೆ ನಾವು ಹೇಳದಿರುವುದು ಸುಳ್ಳು ಹೇಗಾಗುತ್ತದೆ?

ಈ ವಾದ ಹಗುರವಾದದ್ದಲ್ಲ. ಹಳೆ ಗಾಡಿಯ ಪ್ರತಿಯೊಂದು ಗೀರನ್ನೂ ಯಾರೂ ಪಟ್ಟಿ ಮಾಡಿ ಕೊಡುವುದಿಲ್ಲ. ಆದರೆ ಕೊಳ್ಳುವವರು ಪ್ರಶ್ನೆ ಕೇಳದಿದ್ದರೂ ಕಿವಿ ತಂದಿರುತ್ತಾರೆ. ಆ ಕಿವಿಗೆ ಬೀಳಬೇಕಾದುದನ್ನು ಬೀಳದಂತೆ ಮಾಡಿದ ಮೇಲೆ ಅದು ಬರೀ ಮೌನವಲ್ಲ. ಇನ್ನು ರೋಗಿಗಳ ಹೆಸರು: ನಮ್ಮ ಬಡವರ ಖರ್ಚನ್ನು ಇನ್ನೊಬ್ಬ ಬಡವರಿಂದ, ಅವರಿಗೆ ತಿಳಿಯದಂತೆ ವಸೂಲು ಮಾಡಿದಂತಲ್ಲವೇ?

ಶಬ್ದ ಅಡಗಿಸುವ ಆಸೆ ದೊಡ್ಡವರಿಗೂ ಇತ್ತು. ಪೆಟ್ರೋಲ್ ಇಂಜಿನ್ನಿನ ನಾಕಿಂಗ್ ಬೇರೆ ಕಾಯಿಲೆ, ಇಂಧನ ಅಕಾಲದಲ್ಲಿ ಉರಿದು ಬರುವಂಥದ್ದು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್ಲಿ ಸೀಸದ ಸಂಯುಕ್ತ ಬೆರೆಸಿ ಅದನ್ನು ನಿಲ್ಲಿಸಿದರು. ಸೀಸ ವಿಷವೆಂಬುದು ಆಗಲೇ ಗೊತ್ತಿತ್ತು. 1924ರಲ್ಲಿ ನ್ಯೂಜೆರ್ಸಿಯಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಸತ್ತರು. ಆದರೂ ಮಾರಾಟ ನಡೆಯಿತು; ನಮ್ಮ ದೇಶದಲ್ಲಿ ಅದು ನಿಂತದ್ದು 2000ದಲ್ಲಿ. ಇಂಜಿನ್ ಸದ್ದಿಲ್ಲದೆ ಓಡಿತು, ಹೊಗೆ ಮಕ್ಕಳ ರಕ್ತ ಸೇರಿತು.

ರೈತರಿಗೆ ಎಲ್ಲವನ್ನೂ ಹೇಳಿದೆವು. ಸ್ಕ್ರೂಡ್ರೈವರ್ ಅವರ ಕೈಗೇ ಕೊಟ್ಟೆವು. ಕೇಳಿಸಿಕೊಂಡು, ಚಹಾ ಕುಡಿದು, ಬೇಡವೆಂದು ಹೋದರು. ಜೀಪು ಬೇವಿನ ಮರದ ಕೆಳಗೆ ನಿಂತಿದೆ. ಬಳ್ಳಾರಿಗೆ ಹೋಗಬೇಕಾದವರು ಈಗ ಬಸ್ಸಿಗೆ ಕಾಯುತ್ತಾರೆ, ಅದು ನಮಗೆ ಚುಚ್ಚುತ್ತದೆ. ರಿಪೇರಿಗೆ ಹಣ ಕೂಡಿಸುತ್ತಿದ್ದೇವೆ.

ಮೊದಲ ಗ್ಯಾರೇಜಿನವರ ಕ್ಷಮೆ ಕೇಳುವುದು ಇನ್ನೂ ಬಾಕಿ. ಅವರನ್ನು ದೂರಿದ್ದು ನಾಲ್ಕು ಜನರ ಮುಂದೆ, ಆ ನಾಲ್ವರನ್ನೂ ಕರೆದುಕೊಂಡೇ ಹೋಗಬೇಕು. ಎರಡು ಭಾನುವಾರ ಹೊರಟೆವು. ಎರಡು ಸಲವೂ ಅವರ ಬಾಗಿಲ ಮುಂದಿನಿಂದ ಸುಮ್ಮನೆ ಹಾದುಹೋದೆವು.