ಬೆಳವಕ್ಕೆಂದು ಬಿತ್ತಿದ ಕಾಳು

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಒಂದು ಬಗೆಯ ಬೇಸಾಯವಿದೆ. ವಸಂತದಲ್ಲಿ ಸೂರ್ಯಕಾಂತಿ, ಕಿರುಧಾನ್ಯ ಬಿತ್ತುತ್ತಾರೆ. ಕಳೆ ತೆಗೆದು, ಗೊಬ್ಬರ ಕೊಟ್ಟು, ಮಕ್ಕಳಂತೆ ಬೆಳೆಸುತ್ತಾರೆ. ಆಗಸ್ಟ್ ಹೊತ್ತಿಗೆ ಒಣಗಿ ತಲೆಬಾಗಿದ ಸೂರ್ಯಕಾಂತಿಯನ್ನು ಪಟ್ಟೆ ಪಟ್ಟೆಯಾಗಿ ಕತ್ತರಿಸಿ, ಕಾಳು ಅಲ್ಲೇ ಉದುರಲು ಬಿಡುತ್ತಾರೆ. ಆ ಕಾಳು ಮಂಡಿಗೂ ಹೋಗುವುದಿಲ್ಲ, ಮನೆಗೂ ಬರುವುದಿಲ್ಲ. ಅದನ್ನು ಬೆಳೆದದ್ದೇ ಬೆಳವಗಳಿಗಾಗಿ. ನಾಲ್ಕು ದಿನ ನೆಮ್ಮದಿಯಿಂದ ಮೇಯ್ದು ಜಾಗ ರೂಢಿಯಾದ ಮೇಲೆ, ಸೆಪ್ಟೆಂಬರ್ 1ರಂದು ಅನೇಕ ರಾಜ್ಯಗಳಲ್ಲಿ ಬೇಟೆಯ ಕಾಲ ಶುರುವಾಗುತ್ತದೆ. ಅಂದು ಹೊಲದ ಅಂಚಿನಲ್ಲಿ ಬಂದೂಕು ಹಿಡಿದವರು ಕಾದು ಕೂತಿರುತ್ತಾರೆ.

ಈ ಉಪಾಯ ಫಲಿಸುವುದು ಬೆಳವದ ಮೈಕಟ್ಟಿನಿಂದ. ಕೋಳಿಯ ಹಾಗೆ ನೆಲ ಕೆದರುವ ಕಾಲು ಅದಕ್ಕಿಲ್ಲ. ಕಣ್ಣಿಗೆ ಕಂಡ ಕಾಳನ್ನಷ್ಟೇ ಹೆಕ್ಕಬಲ್ಲದು. ಹುಲ್ಲು ದಟ್ಟವಾಗಿದ್ದರೆ ಇಳಿಯಲು ಹಿಂಜರಿಯುತ್ತದೆ, ನೆಲ ಬೋಳಾಗಿ ಅಲ್ಲಲ್ಲಿ ಕಾಳು ಬಿದ್ದಿದ್ದರೆ ಧೈರ್ಯವಾಗಿ ಇಳಿಯುತ್ತದೆ. ಕಾಳನ್ನು ಒಡೆಯದೆ ಇಡಿಯಾಗಿ ನುಂಗಿ ಗಂಟಲ ಚೀಲ ತುಂಬಿಕೊಂಡು, ಮರದ ಮೇಲೆ ಹೋಗಿ ಕೂತು ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ಇತರ ಹೆಚ್ಚಿನ ಹಕ್ಕಿಗಳು ನೀರಿಗೆ ಕೊಕ್ಕು ಅದ್ದಿ, ತಲೆ ಎತ್ತಿ ಗುಟುಕರಿಸಿದರೆ ಇದು ಕೊಕ್ಕು ಮುಳುಗಿಸಿ ದನದ ಹಾಗೆ ಒಂದೇ ಸಮನೆ ಹೀರುತ್ತದೆ. ಒಂದು ಸಲಕ್ಕೆ ಎರಡೇ ಮೊಟ್ಟೆ. ಮರಿಗೆ ಮೊದಲ ದಿನಗಳಲ್ಲಿ ಗಂಡೂ ಹೆಣ್ಣೂ ತಮ್ಮ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ಗಂಜಿಯನ್ನೇ ಬಾಯಿಗಿಡುತ್ತವೆ. ಬೇಟೆಗಾಗಿ ಹೊಲ ಮಾಡುವವನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅದಕ್ಕೇ ಸಾಲುಗಳ ನಡುವೆ ಬರಿನೆಲ ಬಿಡುತ್ತಾನೆ, ಹತ್ತಿರ ನೀರಿರುವ ಕಡೆಯೇ ಬಿತ್ತುತ್ತಾನೆ. ಒಂದು ಜೀವವನ್ನು ಇಷ್ಟು ಅಕ್ಕರೆಯಿಂದ ಗಮನಿಸಿದವನು ಕೊನೆಗೆ ಅದಕ್ಕೇ ಗುರಿಯಿಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಆ ಬೇಟೆಗಾರರ ಪರವಾಗಿಯೂ ಹೇಳಬೇಕಾದ್ದಿದೆ. ಆ ಹೊಲಗಳಲ್ಲಿ ಬೇರೆ ಹತ್ತಾರು ಹಕ್ಕಿಗಳೂ ಮೇಯುತ್ತವೆ. 1937ರ ಕಾನೂನಿನಂತೆ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆ ಅಲ್ಲಿ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಕಾನೂನು ಒಂದು ಗೆರೆಯನ್ನೂ ಎಳೆದಿದೆ. ಹೊಲದಲ್ಲೇ ಬೆಳೆದ ಪೈರನ್ನು ಕತ್ತರಿಸಿ ಕೆಡವಿದರೆ ಅದರ ಮೇಲೆ ಬರುವ ಬೆಳವವನ್ನು ಹೊಡೆಯಬಹುದು. ಹೊರಗಿಂದ ಕಾಳು ತಂದು ಎರಚಿದರೆ ಅಪರಾಧ. ಎರಚಿದ ಕಾಳನ್ನು ಪೂರ್ತಿ ತೆಗೆದ ಮೇಲೂ 10 ದಿನ ಅಲ್ಲಿ ಬೇಟೆಯಾಡುವಂತಿಲ್ಲ. ಒಂದು ಬೇಸಾಯ, ಇನ್ನೊಂದು ಆಮಿಷ ಎಂಬುದು ಅವರ ತರ್ಕ. ಈ ಗೆರೆ ಮನುಷ್ಯನಿಗೆ ಕಂಡೀತು. ಹಸಿದು ಇಳಿಯುವ ಹಕ್ಕಿಗೆ ಯಾವ ಕಾಳು ಬೆಳೆದದ್ದು, ಯಾವುದು ಎರಚಿದ್ದು?

ನಮ್ಮ ಹಿರಿಯರು ಈ ಕಾಳಿನ ಕತೆಯನ್ನು ಎಂದೋ ಹೇಳಿಟ್ಟಿದ್ದಾರೆ. ಹಿತೋಪದೇಶದ ಮಿತ್ರಲಾಭ ಶುರುವಾಗುವುದೇ ಗೋದಾವರಿ ತೀರದ ಒಂದು ದೊಡ್ಡ ಬೂರುಗದ ಮರದಿಂದ. ಬೇಡನೊಬ್ಬ ಅಕ್ಕಿ ಚೆಲ್ಲಿ, ಬಲೆ ಹರಡಿ ಅಡಗುತ್ತಾನೆ. ಜನರೇ ಇಲ್ಲದ ಕಾಡಿನಲ್ಲಿ ಅಕ್ಕಿಕಾಳು ಎಲ್ಲಿಂದ ಬಂತು ಎಂದು ಕಪೋತರಾಜ ಚಿತ್ರಗ್ರೀವ ಅನುಮಾನಪಡುತ್ತಾನೆ. ಹೀಗೆ ಎಲ್ಲಕ್ಕೂ ಶಂಕೆಪಟ್ಟರೆ ಬದುಕುವುದು ಹೇಗೆ ಎಂದು ಗುಂಪಿನ ಒಂದು ಹಕ್ಕಿ ಜಂಬದಿಂದ ವಾದಿಸುತ್ತದೆ. ಎಲ್ಲವೂ ಇಳಿಯುತ್ತವೆ, ಎಲ್ಲವೂ ಸಿಕ್ಕಿಬೀಳುತ್ತವೆ. ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರಿದ ಭಾಗವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ನನ್ನನ್ನು ಕಾಡುವುದು ಅದಕ್ಕೂ ಮೊದಲಿನ ಅನುಮಾನ. ಆ ಗೋದಾವರಿ ನಮಗೇನೂ ದೂರವಲ್ಲ. ಠಾಣೆ ಜಿಲ್ಲೆಯ ನಮ್ಮ ಶಹಾಡ್ ಮೇಲೆ ಹಾದುಹೋಗುವ ರೈಲು ಕಸಾರಾ ಘಾಟಿ ಏರಿದರೆ ನಾಸಿಕ. ಅಲ್ಲಿಂದ ತ್ರ್ಯಂಬಕೇಶ್ವರಕ್ಕೆ ಹೋದರೆ ಅದರ ಉಗಮ.

ಕತೆಯಲ್ಲಿ ಬಲೆ ಹಾರಿತು, ಚರಿತ್ರೆಯಲ್ಲಿ ಹಾರಲಿಲ್ಲ. ಉತ್ತರ ಅಮೆರಿಕದಲ್ಲಿ ಪ್ಯಾಸೆಂಜರ್ ಪಾರಿವಾಳ ಎಂಬುದೊಂದಿತ್ತು. ಹಿಂಡು ಹಾರಿದರೆ ಗಂಟೆಗಟ್ಟಲೆ ಸೂರ್ಯ ಮರೆಯಾಗುತ್ತಿದ್ದ ಎಂದು ಕಂಡವರು ಬರೆದಿದ್ದಾರೆ. ನೂರಾರು ಕೋಟಿ ಇದ್ದ ಹಕ್ಕಿ. ನೆಲ ಹದಮಾಡಿ, ಕಾಳು ಚೆಲ್ಲಿ, ಗೂಟಕ್ಕೆ ಕಟ್ಟಿದ ಜೀವಂತ ಪಾರಿವಾಳವನ್ನು ರೆಕ್ಕೆ ಬಡಿಯುವಂತೆ ಮಾಡಿ, ಇಳಿದ ಹಿಂಡಿನ ಮೇಲೆ ಬಲೆ ಎಸೆಯುತ್ತಿದ್ದರು. ಬಲೆ, ಬಂದೂಕು, ಕಾಡಿನ ನಾಶ ಸೇರಿ ಸಂತತಿಯನ್ನೇ ಮುಗಿಸಿದವು. ಕೊನೆಯ ಹಕ್ಕಿ ಮಾರ್ಥಾ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತದ್ದು 1914ರ ಸೆಪ್ಟೆಂಬರ್ 1ರಂದು. ಬೆಳವದ ಬೇಟೆ ಶುರುವಾಗುವ ತಾರೀಖೂ ಅದೇ. ಬೇಕೆಂದು ಇಟ್ಟ ದಿನವಲ್ಲ, ನಿಜ. ಆದರೂ ಕ್ಯಾಲೆಂಡರಿನಲ್ಲಿ ಆ ದಿನ ಬಂದಾಗ ನನಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ.

ಈ ಕಾಳಿನ ವಿಷಯದಲ್ಲಿ ನಮ್ಮ ದೇಶದ ಕಾನೂನು ಗೆರೆ ಎಳೆಯುವ ಗೋಜಿಗೇ ಹೋಗಿಲ್ಲ, ಅದು ನನಗೆ ಹೆಮ್ಮೆಯ ಸಂಗತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದರೇನೆಂದು ವಿವರಿಸುವಾಗ ಕೊಲ್ಲುವುದು, ವಿಷವಿಡುವುದು, ಉರುಳೊಡ್ಡುವುದರ ಜೊತೆಗೆ ಆಮಿಷವೊಡ್ಡಿ ಸೆಳೆಯುವುದನ್ನೂ ಸೇರಿಸಿದೆ. ಅಂಥ ಪ್ರಯತ್ನವೂ ಬೇಟೆಯೇ. ಗುಂಡು ಹಾರುವ ಮೊದಲೇ, ಹಿಡಿಯುವ ಉದ್ದೇಶದಿಂದ ಕಾಳು ಚೆಲ್ಲಿದ ಕೈ ತಪ್ಪು ಮಾಡಿಯಾಗಿರುತ್ತದೆ. 1991ರ ತಿದ್ದುಪಡಿಯೊಂದಿಗೆ ಲೈಸೆನ್ಸ್ ಪಡೆದು ಆಡುವ ಮೋಜಿನ ಬೇಟೆಯೂ ಹೋಯಿತು. ಮುರಬಾಡ, ಶಹಾಪುರ ಕಡೆಯ ಕಾತಕರಿ, ಠಾಕೂರ್ ಆದಿವಾಸಿಗಳ ಹಾಡಿಗಳಲ್ಲಿ ಗಲೋಲು ಹಿಡಿದು ಬೆಳೆದ ಹುಡುಗರ ಮೇಲೆ ಮಾತ್ರ ನಾನು ಬೆರಳು ತೋರಿಸಲಾರೆ. ಅವರದು ಹೊಟ್ಟೆಯ ಪ್ರಶ್ನೆಯಾಗಿತ್ತು. ಅವರಿಂದ ಈ ಸೀಮೆಯ ಬೆಳವ ಕಡಿಮೆಯಾಗಿಲ್ಲ.

ಕಡಿಮೆಯಾದದ್ದು ನೆಲ ಹೋದದ್ದರಿಂದ. ಶಹಾಡಿನಲ್ಲಿ ಸೆಂಚುರಿ ರೇಯಾನ್ ಕಾರ್ಖಾನೆ, ಬಿರ್ಲಾ ವಿಠ್ಠಲ ಮಂದಿರ ದಾಟಿ ಮುರಬಾಡ ರಸ್ತೆ ಹಿಡಿದರೆ ವರಪ್, ಕಾಂಬಾ, ಗೋವೇಲಿ ಸಾಲಾಗಿ ಬರುತ್ತವೆ. ದೀಪಾವಳಿಯ ಆಸುಪಾಸು ಭತ್ತದ ಕೊಯ್ಲು ಮುಗಿದಾಗ ಕೂಳೆಯ ನಡುವೆ ಕಾಳು ಉದುರಿರುತ್ತದೆ. ಗದ್ದೆಯ ಉಳಿದ ತೇವದಲ್ಲೇ ಕೆಲವರು ವಾಲ್ ಅವರೆ ಹಾಕುತ್ತಾರೆ. ಆಗ ಜೋಡಿ ಜೋಡಿಯಾಗಿ ಚುಕ್ಕೆ ಬೆಳವಗಳು ಇಳಿಯುವುದನ್ನು ಬದುವಿನಲ್ಲಿ ನಿಂತು ನೋಡಬೇಕು. ಕತ್ತಿನ ಹಿಂಭಾಗದಲ್ಲಿ ಕಪ್ಪು ಪಟ್ಟಿ, ಅದರ ತುಂಬ ಬಿಳಿ ಚುಕ್ಕೆ. ಪ್ರತಿ ಹೆಜ್ಜೆಗೂ ತಲೆ ಮುಂದಕ್ಕೆ ಚಾಚಿ, ಒಂದೊಂದೇ ಕಾಳು ಎತ್ತುತ್ತಾ, ಎತ್ತಿಗೂ ಆಳಿಗೂ ಅಷ್ಟಾಗಿ ಬೆದರದೆ ಹಕ್ಕಿ ನಡೆಯುತ್ತದೆ. ರೈತ ಅದಕ್ಕೆಂದು ಬಿತ್ತಿದ್ದಲ್ಲ, ಅದರ ಪಾಲು ಅದಕ್ಕೆ ಸಿಗುತ್ತದೆ ಅಷ್ಟೇ. ಈಗ ಆ ಗದ್ದೆಗಳ ಅಂಚಿಗೇ ಟವರುಗಳು ಬಂದು ನಿಂತಿವೆ. ಟವರಿನ ಗೂಡುಗಳಿಗೆ ಊರ ಪಾರಿವಾಳ ಬರುತ್ತದೆ, ಬೆಳವ ಬರುವುದು ಕಡಿಮೆ.

ನಮ್ಮವರಿಗೆ ಹಕ್ಕಿಗೆ ಕಾಳಿಡುವ ಆಸೆ ಇನ್ನೂ ಬತ್ತಿಲ್ಲ. ಆದರೆ ಮೂಟೆಗಟ್ಟಲೆ ಜೋಳ, ಕಡಲೆ ತಂದು ಒಂದೇ ಜಾಗದಲ್ಲಿ ಸುರಿಯುವ ಪುಣ್ಯದ ಕತೆ ಬೇರೆ. ಅದರಿಂದ ಹೆಚ್ಚುವುದು ಊರ ಪಾರಿವಾಳ ಮಾತ್ರ. ಅದರ ಹಿಕ್ಕೆ, ಪುಕ್ಕದ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯಿದೆ. 2025ರ ಆಗಸ್ಟ್‌ನಲ್ಲಿ ಮುಂಬೈಯ ದಾದರಿನಲ್ಲಿ ಪಾರಿವಾಳಕ್ಕೆ ಕಾಳು ಹಾಕುವ ಕಬೂತರ್‌ಖಾನಾಕ್ಕೆ ತಾಡಪಾಲು ಹೊದಿಸಿದಾಗ ಎದ್ದ ಗಲಾಟೆ ನಾವೆಲ್ಲ ಕಂಡದ್ದೇ. ಕಾಳು ಹಾಕಿದವರದು ಭಕ್ತಿ, ಎದುರು ಮನೆಯವರದು ಕೆಮ್ಮು. ಎರಡೂ ಸುಳ್ಳಲ್ಲ. ಆದರೆ ಕೆಮ್ಮಿನ ಕಡೆ ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಹಾಗಾಗಿ ಅಮೆರಿಕದ ಆ ಬೇಟೆಗಾರನಿಂದ ಬಂದೂಕು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಲಿಯೋಣ ಎನ್ನುತ್ತೇನೆ. ಸುರಿಯುವುದು ಬೇಡ, ಬೆಳೆಯೋಣ. ಶಹಾಡಿನ ಹೊಸ ಸೊಸೈಟಿಗಳ ಹಿಂಬದಿಯಲ್ಲಿ, ಕಾಂಪೌಂಡು ಗೋಡೆಯ ಪಕ್ಕ, ಯಾರೂ ಕಾಲಿಡದ ಉದ್ದನೆಯ ಪಟ್ಟಿಯೊಂದು ಇದ್ದೇ ಇರುತ್ತದೆ. ಈಗ ಅದಕ್ಕೆ ಕಳೆನಾಶಕ ಹೊಡೆಸುತ್ತಾರೆ. ಹೊಡೆಸದಿದ್ದರೆ ಹುಲ್ಲೇ ಬೀಜ ಕಟ್ಟೀತು. ಜೂನಿನ ಮೊದಲ ಮಳೆಗೆ ರಾಗಿ, ಸಾಮೆ ಹಾಕಬಹುದು. ಠಾಣೆ ಜಿಲ್ಲೆಯ ಗುಡ್ಡಗಳ ಇಳಿಜಾರಿನಲ್ಲಿ ನಾಚಣಿ, ವರೈ ಎಂದು ತಲೆಮಾರುಗಳಿಂದ ಬೆಳೆದದ್ದು ಇವನ್ನೇ. ಇಲ್ಲಿನ ಜಡಿಮಳೆ ತಡೆಯುವ ಧಾನ್ಯ. ಸಾಲು ದೂರ ದೂರವಿರಲಿ, ನಡುವೆ ಬರಿನೆಲ ಕಾಣಲಿ. ಅಕ್ಟೋಬರಿನಲ್ಲಿ ತೆನೆ ಒಣಗಿದಾಗ ಕೊಯ್ಯದೆ ಅಲ್ಲೇ ಬಗ್ಗಿಸಿಬಿಡಿ. ಪಕ್ಕದಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಕೊಕ್ಕು ಮುಳುಗುವಷ್ಟು ನೀರಿರಲಿ, ಸೊಳ್ಳೆಯಾಗದಂತೆ ದಿನವೂ ಬದಲಿಸಿ. ಒಂದೇ ಕಡೆ ರಾಶಿ ಬೀಳದ್ದರಿಂದ ಊರ ಪಾರಿವಾಳದ ದಂಡು ಮುತ್ತುವುದೂ ಕಡಿಮೆ.

ಬೀಜದ ವಿಷಯದಲ್ಲಿ ಒಂದು ಎಚ್ಚರ. ಬೀಜದಂಗಡಿಯ ಪ್ಯಾಕೆಟ್ಟಿನಲ್ಲಿ ಬರುವ ಗುಲಾಬಿ, ನೀಲಿ ಬಣ್ಣದ ಬೀಜಕ್ಕೆ ಔಷಧಿ ಸವರಿರುತ್ತದೆ, ಮಣ್ಣಿನ ಮೇಲೆ ಉಳಿದರೆ ಹಕ್ಕಿಗೆ ಅದೇ ವಿಷ. ಹಿಟ್ಟಿಗೆಂದು ಕಿರಾಣಿ ಅಂಗಡಿಯಿಂದ ತರುವ ಇಡೀ ರಾಗಿಯನ್ನೇ ಒಂದು ಹಿಡಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿ. ಮೊಳಕೆ ಬಂದರೆ ಅದನ್ನೇ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಎಳೆಯಿರಿ. ಮೇ ತಿಂಗಳ ಸೊಸೈಟಿ ಮೀಟಿಂಗಿನಲ್ಲೇ ಈ ಮಾತೆತ್ತಿದರೆ ಮಾಲಿಗೆ ಹೇಳಲು ಸಮಯ ಸಿಗುತ್ತದೆ.