ಸ್ವಂತ ಗಾಡಿಯ ರಿಪೇರಿ ಕಾಯಕವೇ?

ತನ್ನ ಗಾಡಿಯನ್ನು ತಾನೇ ರಿಪೇರಿ ಮಾಡಿಕೊಳ್ಳುವವನು ಕಾಯಕ ಮಾಡಿದ ಹಾಗಾಯಿತೋ, ಮಿಸ್ತ್ರಿಯ ಕಾಯಕ ಕಸಿದುಕೊಂಡ ಹಾಗಾಯಿತೋ? ಬಸವನ ಬಾಗೇವಾಡಿಯ ಗೊಬ್ಬರದಂಗಡಿಯೊಂದರ ಹಿರಿಯರು ನನಗೆ ಹಾಕಿದ ಪ್ರಶ್ನೆ ಇದು. ನನ್ನ ಬೆರಳಿಗೆ ಹತ್ತಿದ್ದ ಗ್ರೀಸ್ ನೋಡಿ, "ತಮ್ಮಾ, ಎಲ್ಲಾ ನೀನ ಮಾಡ್ಕೊಂಡ್ರ ಗ್ಯಾರೇಜಿನವ್ರು ಏನ್ ತಿನಬೇಕೋ?" ಎಂದು ನಕ್ಕರು. ಬಸವಣ್ಣನವರು ಹುಟ್ಟಿದ ಊರಿನಲ್ಲಿ ಕೇಳಿದ ಮಾತು. ನಕ್ಕು ಬಿಟ್ಟುಬಿಡಲು ಮನಸ್ಸು ಬರಲಿಲ್ಲ.

ನಾನು ಬಿತ್ತನೆ ಬೀಜದ ಏಜೆಂಟ್. ಇಂಡಿ, ಸಿಂದಗಿ, ದೇವರಹಿಪ್ಪರಗಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ಅಂಗಡಿಯಿಂದ ಅಂಗಡಿಗೆ ಅಲೆಯುವುದೇ ನನ್ನ ಹೊಟ್ಟೆಪಾಡು. ಗಾಡಿ ಹಳೆಯ ಸ್ಪ್ಲೆಂಡರ್, 97.2 ಸಿ.ಸಿ., ಕಾರ್ಬರೇಟರಿನದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಅವುಗಳ ಬೇನೆ ಮಷಿನ್ ಹಚ್ಚಿ ನೋಡಿದರೇ ತಿಳಿಯುವುದು. ನನ್ನದರ ಬೇನೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಎರೆಹೊಲಗಳ ನಡುವೆ, ನೆರಳಿಗೆ ಒಂದು ಬೇವಿನ ಮರವೂ ಇಲ್ಲದ ಕಡೆ ಎಕ್ಸಲೇಟರ್ ವಾಯರ್ ಹರಿದರೆ ಗಾಡಿ ತಳ್ಳಬೇಕು, ಇಲ್ಲವೇ ಕೆಲಸ ಕಲಿತಿರಬೇಕು.

ವಾಯರ್ ಒಮ್ಮೆಲೇ ಹರಿಯುವುದಿಲ್ಲ. ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ಹುರಿ ಅದು. ತುದಿಯ ಗುಂಡಿನ ಹತ್ತಿರ ಒಂದೊಂದೇ ಎಳೆ ಕಡಿಯುತ್ತ ಬರುತ್ತದೆ. ಹಿಡಿಕೆ ಬಿಗಿಯಾಗುತ್ತದೆ, ಬಿಟ್ಟರೂ ತಟ್ಟನೆ ಹಿಂದಕ್ಕೆ ಬರುವುದಿಲ್ಲ. ಆಗಲೇ ಎಚ್ಚರಾಗಬೇಕು. ಕಾರ್ಬರೇಟರಿನ ಮೇಲಿನ ಮುಚ್ಚಳ ತಿರುವಿ ತೆಗೆದರೆ ಸ್ಪ್ರಿಂಗು, ಸ್ಲೈಡು, ಸೂಜಿ ಕೂಡಿಯೇ ಮೇಲೆ ಬರುತ್ತವೆ. ಸ್ಪ್ರಿಂಗ್ ಒತ್ತಿ ಹಿಡಿದು ಗುಂಡನ್ನು ಅದರ ಗೂಡಿನಿಂದ ಜಾರಿಸಬೇಕು. ಹೊಸ ವಾಯರಿಗೆ ನಾಲ್ಕು ಹನಿ ಎಣ್ಣೆ ಇಳಿಸಿ, ಹಳೆಯದು ಹೋದ ದಾರಿಯಲ್ಲೇ ಎಳೆದು ಕೂಡಿಸಬೇಕು. ಹಿಡಿಕೆಯಲ್ಲಿ 2ರಿಂದ 6 ಮಿ.ಮೀ. ಸಡಿಲ ಇರಬೇಕು. ಕೊನೆಗೆ ಗಾಡಿ ನ್ಯೂಟ್ರಲ್‌ನಲ್ಲಿ ಚಾಲೂ ಇಟ್ಟು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರಾ ತಿರುಗಿಸಬೇಕು. ಇಂಜಿನ್ನಿನ ಸಪ್ಪಳ ಏರಿತೆಂದರೆ ವಾಯರ್ ಎಲ್ಲೋ ಬಿಗಿದಿದೆ. ತಿರುವಿನಲ್ಲಿ ಅದೇ ಜೀವ ತೆಗೆದೀತು.

ಪೆಟ್ರೋಲ್ ಪೈಪಿನದು ಇನ್ನೂ ಸೂಕ್ಷ್ಮ. ಕ್ಲಿಪ್ಪಿನ ಬುಡದಲ್ಲಿ ರಬ್ಬರ್ ಸೀಳುತ್ತದೆ, ಕಾದ ಇಂಜಿನ್ನಿನ ಮೇಲೆ ಹನಿ ಬೀಳುತ್ತದೆ. ಕಾಕ್ ಬಂದ್ ಮಾಡಿ, ಇಂಜಿನ್ ಆರುವ ತನಕ ಕಾಯಬೇಕು. ಉದ್ದ ಸಾಲುವಂತಿದ್ದರೆ ಸೀಳಿದ ತುದಿ ಕತ್ತರಿಸಿ ಮತ್ತೆ ತುರುಕಬಹುದು; ಸಾಲದಿದ್ದರೆ ಪೆಟ್ರೋಲಿಗೆಂದೇ ಮಾಡಿದ ಹೊಸ ಪೈಪೇ ಆಗಬೇಕು. ಸಲಾಯಿನ್ ನಳಿಗೆ ಹಚ್ಚಿ ಓಡಿಸುವವರಿದ್ದಾರೆ. ಆ ಪ್ಲಾಸ್ಟಿಕ್ಕು ಪೆಟ್ರೋಲಿನಲ್ಲಿ ಸೆಟೆದು ಬಿರಿಯುತ್ತದೆ. ಈಗಂತೂ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್; ಹಳೆಯ ಗಾಡಿಗಳ ರಬ್ಬರಿಗೆ ಅದು ಒಗ್ಗುವುದು ಕಡಿಮೆ.

ಇಷ್ಟೆಲ್ಲ ಕೈಯಾರೆ ಮಾಡಿದ ಮೇಲೆ ಇದನ್ನು ಕಾಯಕ ಎನ್ನಬಾರದೇಕೆ ಎಂದು ನನಗೂ ಅನ್ನಿಸಿತ್ತು. ಆದರೆ ಶರಣರ ಕಥೆಗಳು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ನುಲಿಯ ಚಂದಯ್ಯ ನಮ್ಮ ಜಿಲ್ಲೆಯ ಶಿವಣಗಿಯವನು ಎನ್ನುತ್ತಾರೆ. ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ. ಒಮ್ಮೆ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಬಿತ್ತು. ಆತ ಕೆಲಸ ನಿಲ್ಲಿಸಲಿಲ್ಲ. ಕೊನೆಗೆ ದೇವರಹಿಪ್ಪರಗಿಯ ಮಡಿವಾಳ ಮಾಚಯ್ಯ ಚಂದಯ್ಯನಿಗೂ ಆತ ಬಿಟ್ಟುಬಂದ ಲಿಂಗಕ್ಕೂ ನಡುವೆ ಬಂದು ರಾಜಿ ಮಾಡಿಸಿದ. ಲಿಂಗವೇ ಹಗ್ಗ ಮಾರಲು ಹೋಗಬೇಕೆಂದಾಯಿತು. ಬಸವಣ್ಣ ಆ ಹಗ್ಗಕ್ಕೆ ಬೆಲೆಗಿಂತ ಬಹಳ ಹೆಚ್ಚು ಹೊನ್ನು ಕೊಟ್ಟ. ಚಂದಯ್ಯ ಹಿಗ್ಗಲಿಲ್ಲ, ಹಗ್ಗದ ಬೆಲೆಗೆ ಮೀರಿದ್ದು ತನಗೆ ಬೇಡವೆಂದು ಸಿಟ್ಟಾದ. ಆಯ್ದಕ್ಕಿ ಲಕ್ಕಮ್ಮನೂ ಹಾಗೆಯೇ. ಗಂಡ ಮಾರಯ್ಯ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು.

ಎರಡೂ ಕಥೆ ಕೂಡಿಸಿ ನೋಡಿದರೆ ಕಾಯಕಕ್ಕೆ ಮೂರು ಅಳತೆಗಳು ಕಾಣುತ್ತವೆ. ಕೆಲಸ ಸ್ವಂತ ಮೈಯಿಂದ ಆಗಬೇಕು, ಬೆಲೆ ನ್ಯಾಯದ್ದಿರಬೇಕು, ಫಲ ತನ್ನನ್ನು ದಾಟಿ ಇನ್ನೊಬ್ಬರಿಗೆ ಮುಟ್ಟಬೇಕು. ನನ್ನ ರಿಪೇರಿ ಮೊದಲನೆಯದರಲ್ಲಿ ಮಾತ್ರ ಪಾಸು. ಬೆಲೆಯ ಮಾತೇ ಅಲ್ಲಿಲ್ಲ, ಫಲವೆಲ್ಲ ನನ್ನ ಕಿಸೆಗೇ.

ರಿಪೇರಿಯನ್ನು ಬೇರೆ ಅಳತೆಯಿಂದ ನೋಡಿದವರೂ ಇದ್ದಾರೆ. ಅಮೆರಿಕದ ರಾಬರ್ಟ್ ಪಿರ್ಸಿಗ್ ಮಗನನ್ನು ಹಿಂದೆ ಕೂಡಿಸಿಕೊಂಡು ಬೈಕಿನಲ್ಲಿ ದೂರ ಸುತ್ತಿ, 1974ರಲ್ಲಿ ಬೈಕ್ ರಿಪೇರಿಯನ್ನೇ ತತ್ವವಾಗಿಸಿ ಪುಸ್ತಕ ಬರೆದ. ಮಾಡುವವನಿಗೂ ಯಂತ್ರಕ್ಕೂ ನಡುವಿನ ಶ್ರದ್ಧೆ ಅವನ ಚಿಂತೆ. ದೊಡ್ಡ ಮಾತೇ. ಆದರೆ ಲಕ್ಕಮ್ಮನ ಪ್ರಶ್ನೆ ಬೇರೆ: ಇದರಲ್ಲಿ ಉಳಿದದ್ದು ಯಾರಿಗೆ?

ತನ್ನ ಕೆಲಸ ತಾನೇ ಬಲ್ಲವನಿಗೆ ಬರುವ ರೋಗವೊಂದಿದೆ: ನನಗೆ ಯಾರ ಹಂಗೂ ಇಲ್ಲ ಎಂಬ ಗರ್ವ. ಆ ವಾಯರ್ ಹೊಸೆದವರು ಯಾರೋ. ಪೈಪು ಮಾಡಿದವರು ಯಾರೋ. ಎಥೆನಾಲಿನ ಹಿಂದೆ ಭೀಮಾ ತೀರದಂಥ ಕಡೆಗಳ ಕಬ್ಬಿನ ಗದ್ದೆಗಳಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಕಡಿಯಲು ಬಂದವರಿದ್ದಾರೆ. ಇಷ್ಟು ಜನರ ಬೆವರಿನ ಮೇಲೆ ಕೂತು ಸ್ವಾವಲಂಬಿ ಎಂದುಕೊಳ್ಳುವುದು ನಗೆಪಾಟಲು.

ಹಾಗೆಂದು ಕಲಿಯುವುದು ತಪ್ಪಲ್ಲ. ಕಲಿತವನಿಗೆ ಮಿಸ್ತ್ರಿಯ ಕೆಲಸದ ತೂಕ ತಿಳಿಯುತ್ತದೆ. ಹೊರಗಿನ ಕವಚದೊಳಗೆ ವಾಯರ್ ಎಷ್ಟು ಸವೆದಿದೆ ಎಂದು ಗಿರಾಕಿಗೆ ಕಾಣುವುದಿಲ್ಲ, ಮಿಸ್ತ್ರಿಗೆ ಕಾಣುತ್ತದೆ. ಕಂಡದ್ದನ್ನು ಹೇಳಿ, ಆದಷ್ಟೇ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವ ಮಿಸ್ತ್ರಿ ಚಂದಯ್ಯನ ವಂಶದವನೇ. ಅವನ ಮುಂದೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುವ ನಮ್ಮ ಬಾಯಲ್ಲಿ ಶರಣರ ಹೆಸರು ಶೋಭಿಸುವುದಿಲ್ಲ.

ಹಿರಿಯರಿಗೆ ನಾನು ಕೊಟ್ಟ ಉತ್ತರ ಇದು: ಸ್ವಂತ ಗಾಡಿಯ ರಿಪೇರಿ ಕಾಯಕವಲ್ಲ, ಬರೀ ಅಗತ್ಯ. ಅದೇ ವಿದ್ಯೆಯಿಂದ ಹಾದಿಯಲ್ಲಿ ನಿಂತ ಇನ್ನೊಬ್ಬನ ಗಾಡಿ ಎಬ್ಬಿಸಿ, ಇದು ತಾತ್ಕಾಲಿಕ, ಊರು ಮುಟ್ಟಿ ಗ್ಯಾರೇಜಿಗೆ ತೋರಿಸು ಎಂದು ಸತ್ಯ ಹೇಳಿದರೆ ಅದು ಕಾಯಕದ ಕಡೆಗೆ ಒಂದು ಹೆಜ್ಜೆ. ಹಳೆಯ ಗಾಡಿ ಓಡಿಸುವವರು ಸೀಟಿನ ಕೆಳಗೆ ಒಂದು ವಾಯರು, ಗೇಣುದ್ದ ಪೈಪು, ಒಂದು ಪಕ್ಕಡ ಇಟ್ಟುಕೊಳ್ಳಿರಿ. ನಿಮಗಾಗಿ ಮಾತ್ರ ಅಲ್ಲ. ಮಿಸ್ತ್ರಿ ಕೇಳಿದ ನ್ಯಾಯದ ಕೂಲಿ ಮಾತ್ರ ಮಾತಿಲ್ಲದೆ ಕೊಡಿರಿ.